ಕಾವಿ ಚಿತ್ರದ ಆಕಾಶಬುಟ್ಟಿ: ಕಟಿಂಗ್ ಮಷಿನ್ನಿನಲ್ಲಿ ಕೊರೆದು ಕಟ್ಟಿದ್ದು

ಕಟಿಂಗ್ ಮಷಿನ್, ಅಂದರೆ ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಬ್ಲೇಡಿನಿಂದ ಕಾಗದದಲ್ಲಿ ಕೊರೆಯುವ ಯಂತ್ರ, ಇಟ್ಟುಕೊಂಡವರಿಗೆ ದೀಪಾವಳಿ ಹತ್ತಿರ ಬಂತೆಂದರೆ ಆಕಾಶಬುಟ್ಟಿಯ ವಿನ್ಯಾಸಕ್ಕೇನೂ ಬರವಿಲ್ಲ. ಇಂಟರ್ನೆಟ್ಟಿನಲ್ಲಿ ರಾಶಿ ಬಿದ್ದಿದೆ. ಆದರೆ ಎಲ್ಲ ಕಡೆ ಅದೇ ನವಿಲು, ಅದೇ ಕಮಲ, ಅದೇ ನಕ್ಷತ್ರ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಗೋಡೆಗಳ ಮೇಲೇ ಕಾಗದ ಕೊರೆಯುವುದಕ್ಕೆ ಹೇಳಿ ಮಾಡಿಸಿದಂಥ ಚಿತ್ರಗಳಿರುವಾಗ ಅದನ್ನೆಲ್ಲ ಇಳಿಸಿಕೊಳ್ಳುವುದು ಯಾಕೆ ಅನ್ನಿಸಿತು. ನಾನು ಹೇಳುತ್ತಿರುವುದು ಕಾವಿ ಕಲೆಯ ಬಗ್ಗೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಇದನ್ನು ನೋಡಿರುತ್ತೀರಿ. ಗೋವಾದಿಂದ ಹಿಡಿದು ನಮ್ಮ ಕರಾವಳಿಯುದ್ದಕ್ಕೂ ಹಳೇ ದೇವಸ್ಥಾನಗಳ ಗೋಡೆಗಳಲ್ಲಿ ಅಲ್ಲಲ್ಲಿ ಉಳಿದುಕೊಂಡಿದೆ.

ಕಾವಿ ಚಿತ್ರ ಬರೆಯುವ ಕ್ರಮ ಗೊತ್ತಿದ್ದರೆ ಕಾಗದಕ್ಕೂ ಅದಕ್ಕೂ ಎಲ್ಲಿ ನಂಟು ಅಂತ ತಕ್ಷಣ ಹೊಳೆಯುತ್ತದೆ. ಮೊದಲು ಸುಣ್ಣದ ಬಿಳಿ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಕೆಂಪು ಲೇಪ. ಲೇಪ ಹಸಿಯಿರುವಾಗಲೇ ಕೈವಾರ, ಕಬ್ಬಿಣದ ಮೊನೆ ಹಿಡಿದು ಬೇಡದ ಕೆಂಪನ್ನು ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಒಳಗಿನ ಬಿಳಿ ಏಳುತ್ತದೆ. ಎರಡೇ ಬಣ್ಣ, ನಡುವೆ ಯಾವ ಛಾಯೆಯೂ ಇಲ್ಲ. ಹಚ್ಚಿ ಮಾಡುವ ಚಿತ್ರವಲ್ಲ, ತೆಗೆದು ಮಾಡುವ ಚಿತ್ರ. ಕೆಂಪು ಕಾರ್ಡ್ ಶೀಟಿನಲ್ಲಿ ಕೊರೆದು ಹಿಂದಿನಿಂದ ಟ್ರೇಸಿಂಗ್ ಪೇಪರ್ ಅಂಟಿಸಿದರೆ ಅದೇ ಕೆಲಸವಾಯಿತು, ಬಿಳಿಯ ಜಾಗದಲ್ಲಿ ಬೆಳಕು ಬರುತ್ತದೆ ಅಷ್ಟೆ.

ಒಂದೇ ಒಂದು ತೊಡಕು. ಗೋಡೆಯ ಮೇಲೆ ಬಿಳಿ ವೃತ್ತದ ನಟ್ಟನಡುವೆ ಕೆಂಪು ಬೊಟ್ಟೊಂದು ಒಂಟಿಯಾಗಿ ನಿಲ್ಲುತ್ತದೆ, ಹಿಡಿದುಕೊಳ್ಳುವುದಕ್ಕೆ ಗೋಡೆಯಿದೆ. ಕಾಗದದಲ್ಲಿ ಅದು ಉದುರಿ ಕೈಗೆ ಬರುತ್ತದೆ. ಕೆಂಪೆಲ್ಲ ಒಂದಕ್ಕೊಂದು ಹಿಡಿದುಕೊಂಡಿರಲೇಬೇಕು. ಈ ಕೆಲಸದ ಮುಕ್ಕಾಲು ಪಾಲು ಬುದ್ಧಿ ಖರ್ಚಾಗುವುದು ಇಲ್ಲೇ. ಮಷಿನ್ನಿನದು ಉಳಿದ ಕಾಲು ಭಾಗ.

ಆಕಾರ

ಆಕಾರಕ್ಕೆ ಹೊಸದೇನೂ ಹುಡುಕಲಿಲ್ಲ. ಬಿದಿರು ಕಡ್ಡಿಯ ಆರು ಚೌಕ ಕಟ್ಟಿ, ಮೂಲೆಗೆ ಮೂಲೆ ಸೇರಿಸಿ ದಾರ ಸುತ್ತಿ, ಬಣ್ಣದ ಕಾಗದ ಹಚ್ಚುವ ಹಳೇ ಬುಟ್ಟಿಯ ಆಕಾರವೇ. ಆರು ಚೌಕ ಹೀಗೆ ಸೇರಿದರೆ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಹುಟ್ಟುತ್ತವೆ. ಮೇಲೊಂದು ಚೌಕ, ಕೆಳಗೊಂದು ಚೌಕ, ಸುತ್ತಲೂ ಮೂಲೆಯ ಮೇಲೆ ನಿಂತ ನಾಲ್ಕು ಚೌಕ.

ಈ ಆಕಾರದ ಲೆಕ್ಕ ಬಲು ಸಲೀಸು. ಅಂಚುಗಳೆಲ್ಲ ಒಂದೇ ಉದ್ದ, ಒಟ್ಟು 24. ಒಂದು ಅಂಚು 12 ಸೆಂಟಿಮೀಟರ್ ಇಟ್ಟುಕೊಂಡರೆ ಬುಟ್ಟಿಯ ಎತ್ತರ ಅದರ 1.414 ಪಟ್ಟು, ಅಂದರೆ 17 ಸೆಂಟಿಮೀಟರ್. ಅಡ್ಡಗಲ ಮೂಲೆಯಿಂದ ಮೂಲೆಗೆ ಸರಿಯಾಗಿ ಎರಡು ಪಟ್ಟು, 24 ಸೆಂಟಿಮೀಟರ್. ಜಗಲಿಗೆ ಇಷ್ಟು ಸಾಕು. ಕಾಗದದವರಿಗೆ ಇದಕ್ಕಿಂತ ಉಪಯೋಗದ ಗುಣ ಇನ್ನೊಂದಿದೆ. ಪ್ರತಿ ಅಂಚಿನ ಒಂದು ಬದಿಗೆ ಚೌಕ, ಇನ್ನೊಂದು ಬದಿಗೆ ತ್ರಿಕೋನ. ಚೌಕಕ್ಕೆ ಚೌಕವಾಗಲಿ, ತ್ರಿಕೋನಕ್ಕೆ ತ್ರಿಕೋನವಾಗಲಿ ಎಲ್ಲೂ ಅಂಚು ಹಂಚಿಕೊಳ್ಳುವುದಿಲ್ಲ. ಹಾಗಾಗಿ ಅಂಟಿಸುವ ಪಟ್ಟಿಗಳನ್ನು ಚೌಕಗಳಿಗೆ ಮಾತ್ರ ಕೊಟ್ಟರೆ ಸಾಕು, ತ್ರಿಕೋನಗಳು ಬೋಳು. ಯಾವ ಪಟ್ಟಿ ಎಲ್ಲಿಗೆ ಅಂತ ನಂಬರ್ ಹಾಕುವ ರಗಳೆಯೇ ಇಲ್ಲ.

ಪಟ್ಟಿಯ ಅಗಲ 8 ಮಿಲಿಮೀಟರ್ ಇಟ್ಟೆ. ಅದರ ತುದಿಯ ಓರೆ ಎಷ್ಟಿರಬೇಕು ಅನ್ನುವುದನ್ನು ಕಣ್ಣಂದಾಜಿಗೆ ಬಿಡಬೇಡಿ. ತ್ರಿಕೋನದ ಮೂಲೆ 60 ಡಿಗ್ರಿ, ಅದರೊಳಗೆ ಎರಡು ಕಡೆಯಿಂದ ಎರಡು ಪಟ್ಟಿ ಬಂದು ಕೂರುತ್ತವೆ. ಒಂದೊಂದಕ್ಕೆ ಸಿಗುವುದು 30 ಡಿಗ್ರಿ ಮಾತ್ರ. ಪೊಟ್ಟಣದ ಪೆಟ್ಟಿಗೆಗಳಲ್ಲಿ ಇರುವ ಹಾಗೆ 45 ಡಿಗ್ರಿ ಓರೆ ಕೊಟ್ಟರೆ ಮೂಲೆಯಲ್ಲಿ ಪಟ್ಟಿಯ ಮೇಲೆ ಪಟ್ಟಿ ಏರಿ, ಬುಟ್ಟಿಯ ಮೂಲೆಗಳು ಬಾಯಿ ಬಿಡುತ್ತವೆ.

ಕಾಗದವನ್ನು ಬಲ್ಬಿಗೆ ಹಿಡಿದು ನೋಡಿ

ದಪ್ಪ ಕಾರ್ಡ್ ಶೀಟು ಕೊಂಡರೆ ಬುಟ್ಟಿ ಗಟ್ಟಿ ಅನ್ನುವುದು ಸರಿ. (ಕಾಗದದ ದಪ್ಪವನ್ನು ಜಿಎಸ್‌ಎಂನಲ್ಲಿ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅನ್ನುವುದರಲ್ಲಿ ಹೇಳುತ್ತಾರೆ.) ಆದರೆ 220 ಜಿಎಸ್‌ಎಂ ಕೆಂಪು ಕಾರ್ಡನ್ನು ಕತ್ತಲಲ್ಲಿ ಬಲ್ಬಿನ ಎದುರು ಹಿಡಿದರೆ ಅದು ಕೆಂಪಲ್ಲ, ಕಪ್ಪು. ಬೆಳಕು ಹಿಂದಿನಿಂದ ಬರುವಾಗ ಕಾಗದದ ಬಣ್ಣ ಕಾಣಬೇಕಾದರೆ ಬೆಳಕು ಕಾಗದದೊಳಗಿಂದ ತುಸುವಾದರೂ ನುಸುಳಬೇಕು. ಹಗಲು ಕಾವಿ, ರಾತ್ರಿ ಬರೀ ಮಸಿ ಅಂತಾದರೆ ಇಷ್ಟೆಲ್ಲ ಮಾಡಿ ಏನು ಬಂತು? ಅಂಗಡಿಯಲ್ಲಿ ಸಿಕ್ಕ ಬೇರೆ ಬೇರೆ ದಪ್ಪದ ತುಂಡುಗಳನ್ನು ಮೊಬೈಲಿನ ಟಾರ್ಚಿಗೆ ಹಿಡಿದು ನೋಡಿ, 160 ಜಿಎಸ್‌ಎಂಗೆ ಬಂದು ನಿಂತೆ. ಅದರಲ್ಲಿ ಬೆಳಕು ಹಾದಾಗ ಮಳೆಗೆ ನೆನೆದ ಚಿರೆಕಲ್ಲಿನ ಬಣ್ಣ ಬರುತ್ತದೆ. ಕೆಂಪು ಗುಲಾಬಿ, ಸಿಂಧೂರದ ಕೆಂಪೆಲ್ಲ ಇದಕ್ಕೆ ಆಗುವುದಿಲ್ಲ. ಇಟ್ಟಿಗೆ ಬಣ್ಣವೇ ಬೇಕು.

ಇನ್ನೊಂದು ಪರೀಕ್ಷೆ: ಕಾರ್ಡಿನ ಮೂಲೆಯನ್ನು ಚೂರು ಹರಿದು ನೋಡುವುದು. ಕೆಲವು ಕಾರ್ಡುಗಳಿಗೆ ಮೇಲೆ ಮಾತ್ರ ಬಣ್ಣ, ಒಳಗೆ ಬಿಳಿ. ಅದರಲ್ಲಿ ಮಡಿಕೆ ಗೀರಿದಲ್ಲೆಲ್ಲ ಬಿಳಿ ಗೆರೆ ಎದ್ದು ನಿಲ್ಲುತ್ತದೆ, ಕೊರೆದ ಅಂಚುಗಳಲ್ಲೂ ಬಿಳಿ ಎಳೆ ಕಾಣುತ್ತದೆ. ಒಳಗೂ ಹೊರಗೂ ಒಂದೇ ಬಣ್ಣ ಇರುವುದನ್ನೇ ಕೇಳಿ ತರಬೇಕು.

ನನಗೆ ಸಿಕ್ಕದ್ದು 22 ಇಂಚು ಅಗಲ, 28 ಇಂಚು ಉದ್ದದ ದೊಡ್ಡ ಶೀಟು. ಅದನ್ನು ನಾಲ್ಕು ಭಾಗ ಮಾಡಿದರೆ ಒಂದೊಂದು 11 ಇಂಚು ಅಗಲ, 14 ಇಂಚು ಉದ್ದ. ಕೊರೆಯುವಾಗ ಕಾಗದವನ್ನು ಹಿಡಿದಿಡುವ, 12 ಇಂಚು ಅಗಲ, 24 ಇಂಚು ಉದ್ದದ ಅಂಟಿನ ಮ್ಯಾಟಿನ ಮೇಲೆ ಆರಾಮಾಗಿ ಕೂರುತ್ತದೆ. ಪಟ್ಟಿ ಸೇರಿ ಒಂದು ಚೌಕ 13.6 ಸೆಂಟಿಮೀಟರ್, ಹಾಗಾಗಿ ಒಂದು ಭಾಗದಲ್ಲಿ ನಾಲ್ಕು ಚೌಕ ಹಿಡಿಯುತ್ತವೆ. ತ್ರಿಕೋನಗಳನ್ನು ಒಂದು ನೆಟ್ಟಗೆ ಒಂದು ತಲೆಕೆಳಗೆ ಜೋಡಿಸಿದರೆ ಸಾಲಿಗೆ ಮೂರು. ಮೂರು ಭಾಗದಲ್ಲಿ ಇಡೀ ಬುಟ್ಟಿ ಮುಗಿಯಿತು, ನಾಲ್ಕನೆಯದು ಪರೀಕ್ಷೆಗೂ ಬಾಲಕ್ಕೂ ಉಳಿಯಿತು. ಒಂದೇ ಶೀಟು.

ಅಕ್ಟೋಬರಿನ ಕಾರವಾರದಲ್ಲಿ ಕಾಗದಕ್ಕೆ ದೊಡ್ಡ ಶತ್ರು ಗಾಳಿಯ ತೇವ. ಮಳೆ ಬಿಟ್ಟಿದ್ದರೂ ಗಾಳಿ ಒಣಗಿರುವುದಿಲ್ಲ. ತೇವ ಹೀರಿದ ಕಾರ್ಡಿನ ಎಳೆಗಳು ಮೆತ್ತಗಾಗಿ, ಬ್ಲೇಡು ಕತ್ತರಿಸುವ ಬದಲು ಎಳೆದುಕೊಂಡು ಹೋಗುತ್ತದೆ. ಅಂಚಿನಲ್ಲಿ ಜುಂಗು ಏಳುತ್ತದೆ. ಬಹಳ ಜನ ಇದನ್ನು ಬ್ಲೇಡು ಮೊಂಡಾಯಿತೆಂದು ತಿಳಿದು ಹೊಸದು ಹಾಕುತ್ತಾರೆ. ನಾನು ಶೀಟುಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಇಡುತ್ತೇನೆ. ಕೊರೆಯುವ ದಿನ ಹಳೇ ಪಂಚೆಯ ತುಂಡು ಮುಚ್ಚಿ ಹದ ಬಿಸಿಯಲ್ಲಿ ಇಸ್ತ್ರಿ ಎಳೆದರೆ ಕಾರ್ಡು ಗರಿಗರಿ ಆಗುತ್ತದೆ.

ಚಿತ್ರ, ಮತ್ತು ಕೊಂಡಿಗಳು

ಇಲ್ಲಿ ನಿಧಾನ ಬೇಕು.

ಗೋಡೆಯ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪಿನಲ್ಲಿ ಹಾಕಿ, ತಾನಾಗಿ ಗೆರೆ ಎಳೆಸುವ ಟ್ರೇಸ್ ಒತ್ತಿದರೆ ಚಿತ್ರವೇನೋ ಬರುತ್ತದೆ. ಗೋಡೆಯ ಬಿರುಕು, ಕಲೆ, ಪಾಚಿ ಎಲ್ಲವೂ ಬರುತ್ತದೆ. ಒಂದೊಂದು ವಕ್ರರೇಖೆಗೆ ನೂರಾರು ಬಿಂದುಗಳು ಬಿದ್ದು ಮಷಿನ್ ಗಡಗಡ ನಡುಗುತ್ತಾ ಕೊರೆಯುತ್ತದೆ. ಫೋಟೋ ಅಡಿಯಲ್ಲಿ ಇಟ್ಟುಕೊಂಡು ಪೆನ್ ಟೂಲಿನಲ್ಲಿ ಕೈಯಾರೆ ಎಳೆಯುವುದೇ ಸರಿ. ಕಾವಿಯ ಮಂಡಲಗಳು ಕೈವಾರದಿಂದ ಹುಟ್ಟಿದವು. ಹಾಗಾಗಿ ಇಡೀ ಚಿತ್ರ ಎಳೆಯುವ ಅಗತ್ಯವೂ ಇಲ್ಲ. ನನ್ನ ಚೌಕದ ಹೂವಿಗೆ 16 ದಳ. ಒಂದು ದಳ, ಅದರ ಪಕ್ಕದ ಸಂದು ಎಳೆದು 22.5 ಡಿಗ್ರಿಗೊಮ್ಮೆ ತಿರುಗಿಸುತ್ತಾ ಹೋದರೆ ಸುತ್ತು ಮುಗಿಯುತ್ತದೆ. ಟೈಲ್ಡ್ ಕ್ಲೋನ್ ಅನ್ನುವ ಸೌಲಭ್ಯ ಬಳಸಿದರೆ ಮೊದಲ ದಳವನ್ನು ತಿದ್ದಿದ ಹಾಗೆ ಉಳಿದ 15 ದಳಗಳೂ ತಾವೇ ತಿದ್ದಿಕೊಳ್ಳುತ್ತವೆ.

ಈಗ ಕೊಂಡಿ. ಗೋಡೆಯಲ್ಲಿ ಪ್ರತಿ ದಳದ ಸುತ್ತಲೂ ಮುರಿಯದ ಬಿಳಿ ಗೆರೆಯಿದೆ. ಹಾಗೇ ಕೊರೆದರೆ ದಳಗಳೆಲ್ಲ ಬಟ್ಟಲಿಗೆ ಬೀಳುತ್ತವೆ. ಎಲ್ಲೋ ಒಂದು ಕಡೆ ಬಿಳಿ ಗೆರೆಯನ್ನು ತುಂಡರಿಸಿ ಕೆಂಪಿಗೆ ದಾರಿ ಬಿಡಬೇಕು. ಎಲ್ಲಿ ತುಂಡರಿಸುತ್ತೀರಿ ಅನ್ನುವುದರ ಮೇಲೆ ಚಿತ್ರ ಉಳಿಯುತ್ತದೋ ಕೆಡುತ್ತದೋ ನಿಂತಿದೆ. ದಳದ ಹೊಟ್ಟೆಯ ಬಾಗಿನಲ್ಲಿ ಕೊಂಡಿ ಬಂದರೆ ಹೊಲಿಗೆ ಹಾಕಿದ ಗಾಯದ ಗುರುತು ಕಂಡಂತೆ ಕಣ್ಣಿಗೆ ಚುಚ್ಚುತ್ತದೆ. ದಳದ ತುದಿಯಲ್ಲಿ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಏಕೆಂದರೆ ಗೆರೆಗಳು ಹೇಗೂ ಅಲ್ಲಿಗೆ ಬಂದು ಕೂಡುತ್ತವೆ, ಕಣ್ಣು ಅಲ್ಲಿ ಹೇಗೂ ಒಂದು ಗಳಿಗೆ ನಿಲ್ಲುತ್ತದೆ. ಹಾಗಾಗಿ 16 ದಳಗಳ ತುದಿಯನ್ನೂ ಹೊರಗಿನ ಬಳೆಗೆ 2 ಮಿಲಿಮೀಟರ್ ಅಗಲದಲ್ಲಿ ಕೂಡಿಸಿದೆ. ಒಳಗಿನ ಎಂಟು ದಳದ ಚಿಕ್ಕ ಹೂವನ್ನು ದೊಡ್ಡ ದಳಗಳ ಬುಡದ ಬಳೆಗೆ ಕೂಡಿಸುವಾಗ ಕೊಂಡಿಗಳನ್ನು ಹೊರಗಿನವುಗಳ ನೇರಕ್ಕೆ ತರದೆ, ಎರಡರ ನಡುವಿನ ಸಂದಿಗೆ ಬರುವಂತೆ 11 ಡಿಗ್ರಿಯಷ್ಟು ಜರುಗಿಸಿದೆ. ನೇರಕ್ಕೆ ತಂದರೆ ಹೂವು ಹೋಗಿ ಗಾಡಿಚಕ್ರ ಆಗುತ್ತದೆ.

ನಡುವಿನ ಬೊಟ್ಟು ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ. ಅದನ್ನು ತೆಗೆದುಬಿಟ್ಟೆ. ಬೊಟ್ಟನ್ನು ಬೇರೆ ಕೊರೆದು ಟ್ರೇಸಿಂಗ್ ಪೇಪರಿನ ಮೇಲೆ ಅಂಟಿಸಬಹುದು, ಹಾಗೆ ಮಾಡುವವರಿದ್ದಾರೆ. ಆದರೆ ನೂಲಿನಷ್ಟು ಆಚೀಚೆ ಆದರೂ ಇಡೀ ಮಂಡಲ ಸೊಟ್ಟಗೆ ಕಾಣುತ್ತದೆ. ಒಂದೇ ಕಾಗದದಲ್ಲಿ ಆಗುವಷ್ಟೇ ಚಿತ್ರ ಸಾಕೆಂದು ನನ್ನ ಅಭಿಪ್ರಾಯ. ಹೊರಗಿನ ಬಳೆಯನ್ನು ಚೌಕಟ್ಟಿಗಿಂತ ಕೂದಲೆಳೆ ದೊಡ್ಡದು ಮಾಡಿದ್ದರಿಂದ ಅದು ನಾಲ್ಕೂ ಬದಿಯಲ್ಲಿ ಚೌಕಟ್ಟಿನೊಳಗೆ ಸೇರಿಕೊಂಡಿತು, ಅಲ್ಲಿಗೆ ಬೇರೆ ಕೊಂಡಿ ಬೇಕಾಗಲಿಲ್ಲ.

ದಳಗಳ ಸಂದಿಯ ಚೂಪು ಮೂಲೆಗಳನ್ನು ಅರ್ಧ ಮಿಲಿಮೀಟರಿನಷ್ಟು ದುಂಡಗೆ ಮಾಡಿ. ಈ ಮಷಿನ್ನಿನ ಬ್ಲೇಡು ಪೆನ್ನಿನ ಹಾಗೆ ನೆಟ್ಟಗೆ ನಡೆಯುವುದಿಲ್ಲ. ಅದರ ಮೊನೆ ತನ್ನ ತಿರುಗುವ ನಡುಗೆರೆಯಿಂದ ತುಸು ಪಕ್ಕಕ್ಕಿದೆ, ಹಾಗಾಗಿ ಗೆರೆಯ ಹಿಂದೆ ಎಳೆಸಿಕೊಂಡು ಬರುತ್ತಾ ತಾನೇ ತಿರುಗಿಕೊಳ್ಳುತ್ತದೆ. ತೀರಾ ಇಕ್ಕಟ್ಟಿನ ಮೂಲೆಯಲ್ಲಿ ತಿರುಗುವ ಹೊತ್ತಿಗೆ ಕಾಗದವನ್ನು ಕಿತ್ತುಬಿಡುತ್ತದೆ.

ಒಂಟಿ ತುಂಡು ಎಲ್ಲಾದರೂ ಉಳಿದಿದೆಯೇ ಅಂತ ನೋಡುವುದಕ್ಕೆ ಸುಲಭ ದಾರಿ ಪೇಂಟ್ ಬಕೆಟ್. ಚೌಕಟ್ಟಿನ ಮೇಲೆ ಒಮ್ಮೆ ಬಣ್ಣ ಸುರಿಯಿರಿ. ಒಂದಕ್ಕೊಂದು ಕೂಡಿದ ಜಾಗಕ್ಕೆಲ್ಲ ಬಣ್ಣ ಹರಿಯುತ್ತದೆ, ಹರಿಯದೆ ಉಳಿದದ್ದು ಉದುರುವ ತುಂಡು. ಕಣ್ಣಿಗೆ ತಪ್ಪಿದ್ದು ಇದಕ್ಕೆ ತಪ್ಪುವುದಿಲ್ಲ.

ತ್ರಿಕೋನಗಳಿಗೆ ಮೂರೆಲೆಯ ಕುಡಿಬಳ್ಳಿ. ಅದರ ಅಂಚು 14 ಮಿಲಿಮೀಟರ್ ಅಗಲ ಇರಲಿ: ಹೊರಗಿನ 8 ಮಿಲಿಮೀಟರ್ ಪಟ್ಟಿ ಅಂಟುವುದಕ್ಕೆ, ಒಳಗಿನ 6 ಟ್ರೇಸಿಂಗ್ ಪೇಪರಿಗೆ. ಅಂಚನ್ನು ಕಿರಿದು ಮಾಡಿ ಪಟ್ಟಿಯನ್ನು ಟ್ರೇಸಿಂಗ್ ಪೇಪರಿನ ಮೇಲೇ ಅಂಟಿಸಿದರೆ, ನಾಳೆ ಅದು ಬಿಟ್ಟುಕೊಂಡಾಗ ಗೋಡೆಗೆ ಗೋಡೆಯೇ ಬಿಚ್ಚಿಕೊಳ್ಳುತ್ತದೆ.

ಕೊರೆತ

ನನ್ನ ಕ್ಯಾಮಿಯೋ ಮಷಿನ್ನಿನ ಜೊತೆ ಬರುವ ಸಾಫ್ಟ್‌ವೇರ್ ಸಿಲೂಯೆಟ್ ಸ್ಟುಡಿಯೋ. ಅದರ ಉಚಿತ ಆವೃತ್ತಿ ಇಂಕ್‌ಸ್ಕೇಪ್ ತಾನಾಗಿ ಉಳಿಸುವ ಎಸ್‌ವಿಜಿ ಫೈಲು ತೆರೆಯುವುದಿಲ್ಲ, ಡಿಎಕ್ಸ್‌ಎಫ್ ತೆರೆಯುತ್ತದೆ. ಇಂಕ್‌ಸ್ಕೇಪಿನಿಂದ ಡಿಎಕ್ಸ್‌ಎಫ್ ಮಾಡಿ ಕಳಿಸುವಾಗ ಅಳತೆ ಮಿಲಿಮೀಟರಿನಲ್ಲಿರಲಿ, ಮೂಲೆಯಲ್ಲಿ 100 ಮಿಲಿಮೀಟರಿನ ಒಂದು ಚೌಕವನ್ನೂ ಸೇರಿಸಿಡಿ. ಆ ಕಡೆ ತೆರೆದಾಗ ಅದು 100 ಇದೆಯೋ ಇಲ್ಲವೋ ನೋಡಿ ಅಳಿಸಿದರಾಯಿತು.

ಮಷಿನ್ ಇಲ್ಲದವರು ಊರಿನ ರೇಡಿಯಂ ಅಂಗಡಿಯಲ್ಲಿ ಕೇಳಬಹುದು. ಗಾಡಿಗೆ ಅಂಟಿಸುವ ಅಕ್ಷರ ಕೊರೆಯುವುದೂ ಇದೇ ಜಾತಿಯ ಬ್ಲೇಡೇ. ನನ್ನ ಪರಿಚಯದ ಒಬ್ಬರನ್ನು ಕೇಳಿ ನೋಡಿದ್ದೆ. "ಮಾರಾಯ್ರೇ, ರೇಡಿಯಮ್ಮಿಗೆ ಹಿಂದೆ ಪೇಪರ್ ಇರ್ತದೆ, ಅದ್ರ ಮೇಲೆ ನಿಲ್ತದೆ. ನಿಮ್ ಕಾರ್ಡ್ ಕೊರೆದ್ರೆ ಯಾವುದ್ರ ಮೇಲೆ ನಿಲ್ಸುದು? ಮತ್ತೆ ಬ್ಲೇಡ್ ಹೋದ್ರೆ ಯಾರ್ ಕೊಡ್ತಾರೆ?" ಅಂದರು. ಎರಡೂ ಮಾತು ನಿಜ. ಕಾಗದ ಬ್ಲೇಡನ್ನು ರೇಡಿಯಮ್ಮಿಗಿಂತ ಬೇಗ ಸವೆಸುತ್ತದೆ. ಆರ್‌ಪಾರ್ ಕತ್ತರಿಸಬೇಕಾದ ಕಾರ್ಡಿಗೆ ಅಡಿಯಲ್ಲಿ ಅಂಟಿನ ಮ್ಯಾಟ್ ಇರಲೇಬೇಕು.

ನನ್ನ ಕಾರ್ಡಿಗೆ ಹೊಂದಿದ್ದು ಬ್ಲೇಡಿನ ಆಳ 3, ಒತ್ತಡ 22, ವೇಗ 4. ಆಳದ ಒಂದು ಅಂಕಿಯೆಂದರೆ 0.1 ಮಿಲಿಮೀಟರ್, ಕಾರ್ಡಿನ ದಪ್ಪಕ್ಕಿಂತ ಒಂದಂಕಿ ಹೆಚ್ಚು ಸಾಕು. ಮಡಿಕೆಯ ಗೆರೆಗೆ ಆಳ 1, ಒತ್ತಡ ಅರ್ಧ. ಮಡಿಕೆಗೆ ಚುಕ್ಕಿಗೆರೆ ಕೊರೆಯುವ ಕ್ರಮವೂ ಇದೆ. ಪೆಟ್ಟಿಗೆಗೆ ಅದು ಸರಿ, ದೀಪಕ್ಕೆ ಬೇಡ. ರಾತ್ರಿ ಪ್ರತಿ ಅಂಚಿನಲ್ಲೂ ಚುಕ್ಕಿಚುಕ್ಕಿ ಬೆಳಕು ಸೋರುತ್ತದೆ. ಗೀರಿದ ಬದಿ ಬುಟ್ಟಿಯ ಹೊರಮೈಗೆ ಬರುವಂತೆ ಮಡಚಬೇಕು. ಗೀರು ಬಾಯ್ದೆರೆದಷ್ಟೂ ಮಡಿಕೆ ನೇರ ಬರುತ್ತದೆ.

ನಿಮ್ಮ ಕಾಗದ ನನ್ನದಲ್ಲ, ಹಾಗಾಗಿ ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಬೇಡದ ತುಂಡಿನ ಮೇಲೆ ಒಂದೇ ಒಂದು ದಳ ಕೊರೆದು ನೋಡಿ. ಸಂದಿನ ಚೂರು ಸೂಜಿ ತಾಗಿಸಿದ ಕೂಡಲೇ ಎದ್ದು ಬರಬೇಕು, ಮ್ಯಾಟಿನ ಮೇಲೆ ಉಗುರಿಗೆ ಸಿಗುವಂಥ ಗಾಯ ಆಗಿರಬಾರದು.

ಕೊರೆಯುವ ಸರದಿಯೂ ಮುಖ್ಯ. ಒಳಗಿನ ಸಣ್ಣ ತೂತುಗಳು ಮೊದಲು, ಆಮೇಲೆ ಮಡಿಕೆ, ಹೊರಗಿನ ಅಂಚು ಕಟ್ಟಕಡೆಗೆ. ಹೊರ ಅಂಚು ಮೊದಲೇ ಬಿಟ್ಟುಕೊಂಡರೆ ಚೌಕ ಮ್ಯಾಟಿನ ಮೇಲೆ ಕೂದಲಷ್ಟು ಜರುಗುತ್ತದೆ, ಒಳಗಿನ ದಳಗಳೆಲ್ಲ ಒಂದು ಮಗ್ಗುಲಿಗೆ ವಾಲುತ್ತವೆ. ಗೆರೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು, ಬಣ್ಣದ ಸರದಿಯಲ್ಲಿ ಕೊರೆಯಲು ಹೇಳಿದೆ.

ಹೊಸ ಮ್ಯಾಟಿನ ಅಂಟು ಇಂಥ ಜಾಲರಿ ಕೆಲಸಕ್ಕೆ ಅತಿಯಾಗುತ್ತದೆ. ಹತ್ತಿ ಬಟ್ಟೆಯನ್ನು ಮ್ಯಾಟಿಗೆ ನಾಲ್ಕಾರು ಸಲ ಒತ್ತಿ ತೆಗೆದರೆ ಹದಕ್ಕೆ ಬರುತ್ತದೆ. ಹಳೇ ಮ್ಯಾಟು ಧೂಳು ಹಿಡಿದು ಅಂಟು ಕಳೆದುಕೊಂಡಿದ್ದರೆ ಪಾತ್ರೆ ಸೋಪಿನ ನೀರಿನಲ್ಲಿ ಮೃದುವಾಗಿ ತೊಳೆದು ನೆರಳಲ್ಲಿ ಒಣಗಿಸಿ. ಕೊರೆದಾದ ಮೇಲೆ ಕಾಗದವನ್ನು ಮ್ಯಾಟಿನಿಂದ ಎತ್ತಬಾರದು, ಮ್ಯಾಟನ್ನು ಕಾಗದದಿಂದ ಎತ್ತಬೇಕು: ಮ್ಯಾಟನ್ನು ಕವುಚಿ ಹಾಕಿ, ಒಂದು ಮೂಲೆಯಿಂದ ಅದನ್ನೇ ಹಿಂದಕ್ಕೆ ಬಗ್ಗಿಸುತ್ತಾ ಬಂದರೆ ಕಾರ್ಡು ಮೇಜಿನ ಮೇಲೆ ಚಪ್ಪಟೆಯಾಗಿ ಉಳಿಯುತ್ತದೆ. ಕಾಗದ ಹಿಡಿದು ಎಳೆದರೆ ಸುರುಳಿ ಸುತ್ತಿಕೊಂಡು 2 ಮಿಲಿಮೀಟರಿನ ಕೊಂಡಿಗಳು ಪಟಪಟ ಹರಿಯುತ್ತವೆ. ಒಂದೆರಡು ಹಾಳೆ ಆದಮೇಲೆ ಬ್ಲೇಡಿನ ತುದಿಯ ಟೋಪಿ ಬಿಚ್ಚಿ ಊದಿ. ಅಲ್ಲಿ ಸೇರಿಕೊಂಡ ಕಾಗದದ ಜುಂಗು ಒಳ್ಳೇ ಬ್ಲೇಡನ್ನೂ ಮೊಂಡು ಮಾಡಿ ತೋರಿಸುತ್ತದೆ.

ಅಂಟಿಸುವುದು

ಟ್ರೇಸಿಂಗ್ ಪೇಪರ್ 90 ಜಿಎಸ್‌ಎಂದು. ಬಟರ್ ಪೇಪರ್ ಅಗ್ಗ, ಆದರೆ ನಮ್ಮ ತೇವಕ್ಕೆ ಎರಡೇ ದಿನದಲ್ಲಿ ಸೊರಗಿ ಜೋಲುತ್ತದೆ. ಟ್ರೇಸಿಂಗ್ ಪೇಪರಿಗೆ ನೀರಿನ ಅಂಶದ ಬಿಳಿ ಗೋಂದು ತಾಗಿಸಲೇಬಾರದು. ತಾಗಿದಲ್ಲೆಲ್ಲ ಉಬ್ಬಿ ಸುಕ್ಕಾಗುತ್ತದೆ, ದೀಪ ಹೊತ್ತಿಸಿದಾಗ ಆ ಸುಕ್ಕೇ ಮೊದಲು ಕಾಣುತ್ತದೆ. ಅದಕ್ಕೆ ಎರಡೂ ಬದಿ ಅಂಟುವ ಕಿರಿದಾದ ಟೇಪ್. ಕಾರ್ಡಿಗೆ ಕಾರ್ಡು ಸೇರುವಲ್ಲಿ ಮಾತ್ರ ಬಿಳಿ ಗೋಂದು, ಕುಂಚದಲ್ಲಿ ತೆಳ್ಳಗೆ. ಟೇಪಿನ ಅಂಟು ಉಪ್ಪುಗಾಳಿಗೆ ಬೇಗ ಬಿಡುತ್ತದೆ.

ಮೇಲಿನ ಚೌಕ ಬಿಟ್ಟು ಉಳಿದ ಮುಖಗಳಿಗೆಲ್ಲ ಟ್ರೇಸಿಂಗ್ ಹಚ್ಚಿ ಆದಮೇಲೆ ಜೋಡಣೆ. ಮೇಲಿನ ಚೌಕಕ್ಕೆ ಚಿತ್ರವಿಲ್ಲ, 9 ಸೆಂಟಿಮೀಟರಿನ ತೆರೆದ ಕಿಟಕಿ. ಅದರ ನಾಲ್ಕು ಬದಿಗೆ ನಾಲ್ಕು ತ್ರಿಕೋನ, ಕೆಳಗಿನ ಚೌಕಕ್ಕೂ ಹಾಗೇ ನಾಲ್ಕು. ಎರಡು ಟೋಪಿಗಳಾದವು. ಆಮೇಲೆ ನಿಂತ ಚೌಕಗಳು ಒಂದೊಂದಾಗಿ: ಎರಡು ಪಟ್ಟಿ ಮೇಲಿನ ತ್ರಿಕೋನಗಳಿಗೆ, ಎರಡು ಕೆಳಗಿನವಕ್ಕೆ. ಒಂದೊಂದು ಅಂಚನ್ನೂ ಬಟ್ಟೆ ಕ್ಲಿಪ್ಪಿನಲ್ಲಿ ಕಚ್ಚಿಸಿ, ಒಣಗಿದ ಮೇಲೇ ಮುಂದಿನದಕ್ಕೆ ಹೋಗಬೇಕು. ಕೊನೆಯ ಚೌಕ ಕೂರಿಸುವಾಗ ಬುಟ್ಟಿ ಮುಚ್ಚಿರುತ್ತದೆ, ಒಳಗೆ ಕ್ಲಿಪ್ ಹೋಗುವುದಿಲ್ಲ. ಮೇಲಿನ ಕಿಟಕಿಯಿಂದ ಉದ್ದ ಚಮಚದ ಹಿಡಿ ತೂರಿಸಿ ಒಳಗಿನಿಂದ ಒತ್ತಿ ಹಿಡಿದೆ.

160 ಜಿಎಸ್‌ಎಂ ಕಾರ್ಡು ತನ್ನಷ್ಟಕ್ಕೆ ನಿಲ್ಲುತ್ತದೆ, ತೂಗುಹಾಕಿದರೆ ಮೇಲಿನ ಚೌಕ ಸೊಟ್ಟಗಾಗುತ್ತದೆ. ಅದರ ಒಳ ಅಂಚುಗಳಿಗೆ ಹಿಡಿಕಡ್ಡಿಯ ತುಂಡುಗಳನ್ನು ಅಂಟಿಸಿ, ಕರ್ಣಕ್ಕೆ ಅಡಿಕೆ ದಬ್ಬೆಯ ಎರಡು ಸಪೂರ ಸೀಳುಗಳನ್ನು ಅಡ್ಡಡ್ಡ ಕಟ್ಟಿದೆ. ಭಾರವೆಲ್ಲ ಆ ದಬ್ಬೆಯ ಮೇಲೆ, ಕಾಗದದ ಮೇಲೆ ಏನೂ ಇಲ್ಲ.

ದೀಪ

ಕಾಗದದೊಳಗೆ ಹಣತೆಯಾಗಲಿ ಹಳೇ 40 ವ್ಯಾಟಿನ ಬಲ್ಬಾಗಲಿ ಬೇಡ. ಜಗಲಿಯ ತೇವದಲ್ಲಿ 230 ವೋಲ್ಟಿನ ಹೋಲ್ಡರನ್ನು ತೂಗಿಸುವುದೂ ನನಗೆ ಒಗ್ಗದ ಮಾತು. 3 ವ್ಯಾಟಿನ ಯುಎಸ್‌ಬಿ ಎಲ್‌ಇಡಿ ಬಲ್ಬು, ಮನೆಯೊಳಗಿನ ಪ್ಲಗ್ಗಿನಲ್ಲಿ ಹಳೇ ಮೊಬೈಲಿನ ಚಾರ್ಜರು, ನಡುವೆ ಉದ್ದ ವೈರು. ಹೊರಗೆ ಬರುವುದು 5 ವೋಲ್ಟ್ ಮಾತ್ರ. 3 ವ್ಯಾಟೆಂದರೆ 0.6 ಆಂಪಿಯರ್, 1 ಆಂಪಿಯರಿನ ಯಾವ ಹಳೇ ಚಾರ್ಜರಾದರೂ ಹೊರುತ್ತದೆ.

ಹಳದಿ ಬೆಳಕಿನ ಬಲ್ಬನ್ನೇ ಹುಡುಕಿ. ಬಿಳಿ ಬೆಳಕಿನಲ್ಲಿ ಟ್ರೇಸಿಂಗ್ ಪೇಪರ್ ನೀಲಿಗೆ ತಿರುಗಿ ಆಸ್ಪತ್ರೆಯ ವರಾಂಡದ ಕಳೆ ಬರುತ್ತದೆ, ಕೆಂಪು ಸಾಯುತ್ತದೆ. ಹಳದಿ ಬೆಳಕಿನಲ್ಲಿ ಟ್ರೇಸಿಂಗ್ ಪೇಪರಿಗೆ ಹಳೇ ಸುಣ್ಣದ ಬಣ್ಣ ಬಂದು, ಕಾರ್ಡು ಕೆಮ್ಮಣ್ಣಿನ ಹಾಗೆ ಒಳಗಿನಿಂದ ಕೆಂಡವಾಡುತ್ತದೆ. ಪಟ್ಟಿಗಳು ಅಂಟಿದ ಅಂಚುಗಳಲ್ಲಿ ಕಾರ್ಡು ಎರಡು ಪದರವಾದ್ದರಿಂದ ಅಲ್ಲಿ ಮಾತ್ರ ಬೆಳಕು ನುಸುಳದೆ, ಬುಟ್ಟಿಯ ಇಡೀ ಆಕಾರಕ್ಕೆ ಕಪ್ಪು ಗೆರೆ ಎಳೆದಂತೆ ಕಾಣುತ್ತದೆ. ಬೇಕೆಂದು ಮಾಡಿದ್ದಲ್ಲ, ಆದರೆ ನನಗೆ ಬಹಳ ಹಿಡಿಸಿತು.

ಗೋಡೆಯ ಮೇಲೆ ಹೂವಿನ ನೆರಳು ಬೀಳಬೇಕೆಂದು ಆಸೆಯಿದ್ದವರಿಗೆ ಒಂದು ಮಾತು: ಟ್ರೇಸಿಂಗ್ ಪೇಪರ್ ಬೆಳಕನ್ನು ಚೆದುರಿಸುವುದರಿಂದ ಅದಿರುವ ತನಕ ನೆರಳು ಬೀಳುವುದಿಲ್ಲ. ನೆರಳೇ ಬೇಕೆಂದರೆ ಅದನ್ನು ಬಿಟ್ಟು, ಮಂಜುಗಾಜಿನ ಬಲ್ಬಿನ ಬದಲು ಚುಕ್ಕಿಯಷ್ಟೇ ಉರಿಯುವ ಒಂಟಿ ಎಲ್‌ಇಡಿ ಹಾಕಬೇಕು. ಆಗ ಕಾವಿಯ ಬಿಳಿ ಹೋಗುತ್ತದೆ. ಎರಡರಲ್ಲಿ ಒಂದು.

ಬಾಲ, ಗಾಳಿ

ಫೋಟೋ ಶಿರಸಿಗೆ ಆಯಿಗೆ ಕಳಿಸಿದೆ. ಫೋನು ಬಂತು. "ಚೊಲೋ ಆಜು ತಮಾ. ಬಾಲ ಎಲ್ಲಿದ್ದು?"

ಬಾಲಕ್ಕೆ ಉಳಿದ ನಾಲ್ಕನೇ ತುಂಡನ್ನು ತೆಗೆದುಕೊಂಡೆ. ಒಂದೂವರೆ ಸೆಂಟಿಮೀಟರ್ ಅಗಲದ ಉದ್ದುದ್ದ ಪಟ್ಟಿಗಳು, ಟ್ರೇಸಿಂಗ್ ಪೇಪರಿನವು ಅಷ್ಟೇ ಅಗಲ, ಒಂದು ಕೆಂಪು ಒಂದು ಬಿಳಿ. ಇದಕ್ಕೆ ಮಷಿನ್ ಬೇಡ. ಸ್ಟೀಲ್ ಸ್ಕೇಲು, ಕಟರು ಹಿಡಿದರೆ ಮ್ಯಾಟಿಗೆ ಹಾಳೆ ಅಂಟಿಸುವಷ್ಟರಲ್ಲಿ ಕೆಲಸವೇ ಮುಗಿದಿರುತ್ತದೆ. ಕೆಳಗಿನ ಚೌಕದ ಒಳಗಿನಿಂದ ಅಂಟಿಸುವ ಬದಲು ಅಂಚಿನ ಸುತ್ತ ಹೊರಗಿನಿಂದಲೇ ಅಂಟಿಸಿದೆ, ಹರಿದರೆ ಬದಲಿಸುವುದಕ್ಕೆ ಅನುಕೂಲ.

ಕೋಡಿಬಾಗದ ಕಡೆ, ಕಾಳಿ ನದಿ ಸಮುದ್ರ ಸೇರುವಲ್ಲಿ, ಮಧ್ಯಾಹ್ನದ ಮೇಲೆ ಕಡಲಗಾಳಿ ಸುಮ್ಮನಿರುವುದಿಲ್ಲ. ಒಂದೇ ದಾರದಲ್ಲಿ ತೂಗುಹಾಕಿದ ಬುಟ್ಟಿ ಬುಗುರಿಯಂತೆ ಸುತ್ತಿ ವೈರನ್ನು ಹುರಿ ಮಾಡುತ್ತದೆ. ದಬ್ಬೆಯ ಎರಡು ತುದಿಗೆ ಎರಡು ದಾರ ಕಟ್ಟಿ, ಜಗಲಿಯ ತೊಲೆಯಲ್ಲಿ ಒಂದು ಗೇಣು ದೂರದ ಎರಡು ಮೊಳೆಗೆ ಬಿಗಿದರೆ ತಿರುಗುವುದು ನಿಲ್ಲುತ್ತದೆ. ಹಿಂದೆ ಮುಂದೆ ತೂಗುತ್ತದೆ, ಅದು ಇರಲಿ. ವೈರು ಯಾವಾಗಲೂ ಸಡಿಲ ಇರಬೇಕು. ಅಂಗಳದ ಕಂಬಕ್ಕೇ ಕಟ್ಟುವವರು ಟ್ರೇಸಿಂಗ್ ಪೇಪರಿನ ಬದಲು ಮ್ಯಾಟ್ ಪಾಲಿಯೆಸ್ಟರ್ ಫಿಲ್ಮ್ ಹಾಕಿಕೊಳ್ಳಿ. ಅದು ತೇವ ಹೀರುವುದಿಲ್ಲ, ಸುಕ್ಕಾಗುವುದೂ ಇಲ್ಲ. ಕಾರ್ಡು ಮಾತ್ರ ಕಾಗದವೇ, ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ತುಳಸಿ ಮದುವೆಯವರೆಗೂ ಕಟ್ಟಬೇಕೆಂದಿದ್ದರೆ ಕೆಳಗಿನ ಚೌಕವನ್ನು ಇನ್ನೊಂದು ಕೊರೆದಿಟ್ಟುಕೊಳ್ಳಿ, ಕೈ ತಾಗಿ ತಾಗಿ ಮೊದಲು ಹರಿಯುವುದು ಅದೇ.